ದೋಹಾದಲ್ಲಿ ಕಾಯುವ ಹೊತ್ತು, ಮಾತಿಗೆ ಸಿಕ್ಕವರು

ಬೆಂಗಳೂರಿನಿಂದ ಕತಾರಿನ ದೋಹಾ ಮೇಲೆ ಅಮೆರಿಕದ ಬಾಸ್ಟನ್ನಿಗೆ ಹೋಗುವಾಗ ನಡುವೆ ಕಾಯುವ ಹೊತ್ತು ಜಾಸ್ತಿಯಿದ್ದರೆ ಟಿಕೆಟ್ಟಿನ ಬೆಲೆ ಕಮ್ಮಿಯಾಗುವುದುಂಟು. ಮಗಳು ಎರಡು ಗಂಟೆ ಕಾಯುವ ಟಿಕೆಟ್ ತೆಗೆಯುತ್ತೇನೆ ಅನ್ನುತ್ತಾಳೆ, ನಾನು ಅಗ್ಗದ್ದೇ ಇರಲಿ ಅನ್ನುತ್ತೇನೆ. ಅದರಲ್ಲಿ ದುಡ್ಡಿನ ಕಾರಣ ಅರ್ಧ ಮಾತ್ರ. ಸಾಗರದ ಹತ್ತಿರ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದವಳು ನಾನು. ಭೂಪಟದ ಮೇಲೆ ಕೋಲಿಟ್ಟು ತೋರಿಸುತ್ತಿದ್ದ ದೇಶಗಳ ಜನ ಒಂದೇ ಸೂರಿನಡಿ ಕಾಲು ಚಾಚಿ ಕೂತಿರುವಾಗ ಅವರ ನಡುವೆ ಟ್ರಾಲಿ ಎಳೆದುಕೊಂಡು ಓಡುವುದು ಯಾವ ಚಂದ?

ಎಲ್ಲಿ ಕೂರಬೇಕು ಅನ್ನುವುದು ಮೊದಲ ವಿಷಯ. ದೋಹಾದ ಹಮದ್ ವಿಮಾನ ನಿಲ್ದಾಣ 2014ರಲ್ಲಿ ಶುರುವಾದದ್ದು. ಎ, ಬಿ, ಸಿ ಗೇಟುಗಳ ಕಡೆ ದಾರಿ ಒಡೆಯುವಲ್ಲಿ ಏಳು ಮೀಟರ್ ಎತ್ತರದ ಹಳದಿ ಟೆಡ್ಡಿ ಕರಡಿಯೊಂದು ದೀಪದ ಕೆಳಗೆ ಕೂತಿದೆ. ನೋಡಿದರೆ ಬಟ್ಟೆಯದ್ದು ಅನ್ನಿಸುತ್ತದೆ, ಆದರೆ ಕಂಚಿನದು. ಸ್ವಿಸ್ ಕಲಾವಿದ ಉರ್ಸ್ ಫಿಶರ್ ಮಾಡಿದ್ದು. ಎಲ್ಲರೂ ಅಲ್ಲಿಗೆ ಬರುತ್ತಾರೆ, ಫೋಟೊ ತೆಗೆಸಿಕೊಂಡು ಹೊರಟುಹೋಗುತ್ತಾರೆ. ಮಾತಿಗೆ ಅದು ಜಾಗವಲ್ಲ. 2022ರಲ್ಲಿ ಒಳಗೇ ಒಂದು ತೋಟ ಮಾಡಿದ್ದಾರೆ, ನಿಜವಾದ ಮರಗಳೇ. ಅಲ್ಲಿ ಜನ ತೂಕಡಿಸುತ್ತಾರೆ. ಲಾಂಜಿನಲ್ಲಂತೂ ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ನನಗೆ ಫಲ ಕೊಟ್ಟಿರುವುದು ಎರಡೇ ಜಾಗ: ಕುಡಿಯುವ ನೀರಿನ ನಲ್ಲಿ, ಚಾರ್ಜಿಂಗ್ ಪಾಯಿಂಟ್. ಫೋನು ಚಾರ್ಜಿಗೆ ಹಾಕಿದ ಮನುಷ್ಯ ಗೂಟಕ್ಕೆ ಕಟ್ಟಿದ ಹಸು, ಅಲ್ಲಿಂದ ಕದಲುವುದಿಲ್ಲ.

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರನ್ನು ಮೊದಲು ಕೇಳುವುದು ಯಾವೂರು ಅಂತ. ಇಲ್ಲಿ ನಾನು ಅದನ್ನು ಕೇಳುವುದಿಲ್ಲ. ಎಲ್ಲಿಂದ ಬಂದೆ, ಯಾಕೆ ಹೋಗುತ್ತಿದ್ದೀಯ, ಕಾಗದ ತೋರಿಸು ಅಂತ ಸಮವಸ್ತ್ರದವರು ಬೆಳಗಿನಿಂದ ಕೇಳಿರುತ್ತಾರೆ, ಮತ್ತೊಬ್ಬಳು ಯಾಕೆ? 'ನಿಮ್ಮ ವಿಮಾನ ಎಷ್ಟು ಹೊತ್ತಿಗೆ?' ಅನ್ನುತ್ತೇನೆ. ಯಾರಿಗೂ ಅದರಿಂದ ಇರುಸುಮುರುಸಿಲ್ಲ. ಒಂದು ಗಂಟೆಯೊಳಗೆ ಅಂದರೆ ಶುಭವಾಗಲಿ ಅಂತ ಬಿಟ್ಟುಬಿಡುತ್ತೇನೆ. ಇನ್ನೂ ಆರು ಗಂಟೆ ಇದೆ ಅಂತ ನಿಟ್ಟುಸಿರು ಬಿಟ್ಟರೆ ಸ್ವಲ್ಪ ಸರಿದು ಕೂರುತ್ತೇನೆ. ಆಮೇಲೆ ಊರು ತಾನಾಗಿಯೇ ಬರುತ್ತದೆ.

ಒಂದೇ ಬಣ್ಣದ ಟೋಪಿ ಹಾಕಿ, ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಪಾಸ್‌ಪೋರ್ಟ್ ಹಿಡಿದು ಗುಂಪಾಗಿ ಕೂತವರು ಏಜೆನ್ಸಿ ಮೂಲಕ ಕೆಲಸಕ್ಕೆ ಹೊರಟವರು, ಹೆಚ್ಚಾಗಿ ನೇಪಾಳದ ಹುಡುಗರು. ನನ್ನ ಹರಕು ಹಿಂದಿ ಅವರಿಗೆ ಸಾಕು. ಅಂಥ ಗುಂಪಿನಲ್ಲಿ ಕ್ರೊವೇಷಿಯಾದ ಹೋಟೆಲ್ ಅಡುಗೆಮನೆಗೆ ಹೊರಟಿದ್ದ ಒಬ್ಬ ಹುಡುಗ 2022ರ ವಿಶ್ವಕಪ್‌ಗೆ ಮುಂಚೆ ಇದೇ ದೋಹಾದಲ್ಲಿ ಕಟ್ಟಡ ಕೆಲಸಕ್ಕಿದ್ದ. ಮೊದಲು ಕೆಲಸ ಬದಲಿಸಬೇಕಾದರೆ ಮಾಲೀಕನ ಒಪ್ಪಿಗೆ ಕಾಗದ ಬೇಕಿತ್ತು, 2020ರಲ್ಲಿ ಅದನ್ನು ತೆಗೆದರು. 2021ರ ಮಾರ್ಚಿನಿಂದ ಕನಿಷ್ಠ ಸಂಬಳ 1,000 ರಿಯಾಲ್. ಮಾಲೀಕ ಊಟ, ವಸತಿ ಕೊಡದಿದ್ದರೆ ಊಟಕ್ಕೆ 300, ವಸತಿಗೆ 500 ಬೇರೆ. ಇದನ್ನೆಲ್ಲ ಅವನು ಮಗ್ಗಿ ಒಪ್ಪಿಸುವಂತೆ ಹೇಳಿದ. ಕಾನೂನು ಬಂದರೂ ಕೇಳುವ ಧೈರ್ಯ ಬರಲು ಇನ್ನೂ ಸಮಯ ಹಿಡಿಯಿತಂತೆ. ವಲಸೆಯ ಪಾಠವನ್ನು ನಾನು ಮಕ್ಕಳಿಗೆ ಅರ್ಧ ಪೀರಿಯಡ್ಡಿನಲ್ಲಿ ಮುಗಿಸುತ್ತಿದ್ದೆ. ಹೊರಡುವ ಹೊತ್ತಿಗೆ ಅವನಿಗೆ ನಾನು ದೀದಿಯಿಂದ ಆಮಾ ಆಗಿದ್ದೆ.

ಸಂಬಳ ಎಷ್ಟು ಅಂತ ನಾನಾಗಿ ಕೇಳುವುದಿಲ್ಲ. ನಮ್ಮವರಿಗೆ ಆ ಚಾಳಿ ಜಾಸ್ತಿ. ಇನ್ನೊಂದು, 'ಯಾರ ಪೈಕಿ?' ಅನ್ನುವುದು. ಕನ್ನಡದವರು ಸಿಕ್ಕ ಐದೇ ನಿಮಿಷಕ್ಕೆ ಅಲ್ಲಿಗೆ ಬಂದು ನಿಲ್ಲುತ್ತಾರೆ. ನಾನು ಊರಿನ ಹೆಸರಿಗೇ ನಿಲ್ಲಿಸಿ ಮಾತನ್ನು ಮಳೆ, ಅಡಿಕೆ ಧಾರಣೆಯ ಕಡೆ ತಿರುಗಿಸುತ್ತೇನೆ.

ತಿಂಡಿಯ ವಿಷಯ ಹೇಳದಿದ್ದರೆ ಆಗದು. ನನ್ನ ಕೈಚೀಲದಲ್ಲಿ ಒಂದು ಡಬ್ಬ ತೊಡೆದೇವು ಇದ್ದೇ ಇರುತ್ತದೆ. ಕವುಚಿದ ಮಡಕೆಯ ಬೆನ್ನಿಗೆ ಹಿಟ್ಟು ತೊಡೆದು, ಬೆಂದ ಕೂಡಲೇ ಮಡಚಿ ತೆಗೆದದ್ದು. ಒಣ ತಿಂಡಿಯಾದ್ದರಿಂದ ತಪಾಸಣೆಯಲ್ಲಿ ತಂಟೆಯಿಲ್ಲ (ಮಿಡಿ ಉಪ್ಪಿನಕಾಯಿ ಕೈಚೀಲದಲ್ಲಿದ್ದರೆ ದ್ರವದ ಲೆಕ್ಕಕ್ಕೆ ಸೇರಿ ಕಸದಬುಟ್ಟಿಗೆ ಹೋಗುತ್ತದೆ). ಅಪರಿಚಿತರು ಕೊಟ್ಟದ್ದನ್ನು ತಿನ್ನಬಾರದು ಅಂತ ಎಲ್ಲ ದೇಶದ ತಾಯಂದಿರೂ ಹೇಳಿಕೊಟ್ಟಿರುತ್ತಾರೆ. ಅದಕ್ಕೆ ಮೊದಲು ನಾನೇ ಮುರಿದು ತಿಂದು, ಆಮೇಲೆ ಡಬ್ಬ ಮುಂದೆ ಹಿಡಿಯುತ್ತೇನೆ. ಹಡಗು ಹತ್ತಲು ರಾಟರ್‌ಡ್ಯಾಮಿಗೆ ಹೊರಟಿದ್ದ ಫಿಲಿಪೀನ್ಸಿನ ನಾವಿಕರೊಬ್ಬರು ಅದನ್ನು ಬೆಳಕಿಗೆ ಹಿಡಿದು, ಪೇಪರೇ ಅಂತ ಕೇಳಿ, ಮತ್ತೆರಡು ತೆಗೆದುಕೊಂಡರು. ರಂಜಾನಿನಲ್ಲಿ ಹಗಲು ಹೊತ್ತು ಡಬ್ಬ ತೆಗೆಯುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಡಬ್ಬಗಳು ಎದುರು ದಿಕ್ಕಿನಿಂದ ಬರುತ್ತವೆ. ಸುಡಾನಿನ ಹೆಂಗಸೊಬ್ಬರು ಒಂದು ಮಾತೂ ಆಡದೆ ನನ್ನ ಅಂಗೈಯಲ್ಲಿ ಮೂರು ಖರ್ಜೂರ ಇಟ್ಟು ಹೋದರು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹೋಗುವುದು ನಮ್ಮವರ ಜೊತೆಗೇ. ಮಗಳ ಬಾಣಂತನಕ್ಕೋ ಮೊಮ್ಮಗುವನ್ನು ನೋಡಲಿಕ್ಕೋ ಮೊದಲ ಸಲ ವಿಮಾನ ಹತ್ತಿದ ವಯಸ್ಸಾದ ದಂಪತಿಗಳು. ದೂರದಿಂದಲೇ ಗುರುತು ಸಿಗುತ್ತಾರೆ. ಹಾಸನ ಕಡೆಯ ಯಜಮಾನರೊಬ್ಬರು ಕೈಗಡಿಯಾರ ನೋಡುತ್ತಾ ನಲ್ಲಿಯ ಹತ್ತಿರ ಅತ್ತಿಂದಿತ್ತ ತಿರುಗುತ್ತಿದ್ದರು. ವಿಮಾನ ತಪ್ಪಿಹೋಯಿತು ಅನ್ನುವ ಗಾಬರಿ. ಫೋನಿನ ಗಡಿಯಾರ ತಾನೇ ಬದಲಾಗುತ್ತದೆ, ಕೈಗಡಿಯಾರ ಬದಲಾಗದು. ದೋಹಾ ನಮಗಿಂತ ಎರಡೂವರೆ ಗಂಟೆ ಹಿಂದೆ.

'ಇನ್ನೂ ಬೇಕಾದಷ್ಟು ಟೈಮಿದೆ, ಕೂತ್ಕೊಳ್ಳಿ' ಅಂದೆ.

'ಅಯ್ಯೋ ನಮ್ಮವ್ರೇ ಸಿಕ್ಕಿದ್ರಲ್ಲಪ್ಪ! ನೋಡೇ, ಕನ್ನಡದವ್ರು ಕಣೇ' ಅಂತ ಹೆಂಡತಿಯನ್ನು ಕರೆದರು.

ಆಯಮ್ಮನಿಗೆ ಬೇಕಿದ್ದದ್ದು ಟಾಯ್ಲೆಟ್ಟು, ಕೇಳಲು ನಾಚಿಕೆ. ಕರೆದುಕೊಂಡು ಹೋದೆ. ಅಲ್ಲಿ ನೀರಿನ ಪೈಪಿದೆ, ಅಮೆರಿಕದಲ್ಲಿ ಅದು ಇರುವುದು ಅಪರೂಪ ಅಂದಾಗ ಅವರ ಮುಖ ನೋಡಬೇಕಿತ್ತು. ಆಮೇಲೆ ಯಜಮಾನರಿಗೆ ಪಾಠ ಶುರು. ಇಳಿದ ಮೇಲೆ ಇಮಿಗ್ರೇಷನ್ನಿನಲ್ಲಿ ಕೇಳುವುದು ಸಾಮಾನ್ಯವಾಗಿ ಇಷ್ಟೇ: ಯಾಕೆ ಬಂದಿರಿ, ಯಾರ ಮನೆಗೆ, ಎಷ್ಟು ದಿನ, ತಿನ್ನುವ ಪದಾರ್ಥ ಏನಿದೆ. ವೀಸಾದ ಮೇಲೆ ಹತ್ತು ವರ್ಷ ಅಂತಿದ್ದರೆ ಹತ್ತು ವರ್ಷ ಇರಬಹುದು ಅಂತ ಅವರು ತಿಳಿದಿದ್ದರು. ಹಾಗಲ್ಲ, ಪ್ರತಿ ಸಲ ಎಷ್ಟು ದಿನ ಇರಬಹುದು ಅಂತ ಅಲ್ಲಿಯ ಅಧಿಕಾರಿ ತೀರ್ಮಾನಿಸುವುದು, ಸಾಮಾನ್ಯವಾಗಿ ಆರು ತಿಂಗಳು ಸಿಗುತ್ತದೆ. ಹಿಂತಿರುಗುವ ಟಿಕೆಟ್ಟು, ಮಗಳ ವಿಳಾಸ, ಫೋನ್ ನಂಬರು ಒಂದು ಹಾಳೆಯಲ್ಲಿ ಬರೆದು ಜೇಬಿಗೆ ಹಾಕಿಸಿದೆ. ನಾನು ಅಧಿಕಾರಿಯಾದೆ, ಅವರು ಎದುರು ನಿಂತರು. ಇಂಗ್ಲಿಷಿನಲ್ಲಿ ಎರಡು ಸಲ ತಡವರಿಸಿ ಮೂರನೆಯ ಸಲ ಗಟ್ಟಿಯಾಗಿ ಹೇಳಿದರು. ಪಕ್ಕದಲ್ಲಿದ್ದ ಮಲಯಾಳಿ ನರ್ಸ್ ಹುಡುಗಿ ಚಪ್ಪಾಳೆ ತಟ್ಟಿದಳು. ಅವಳು ಡಬ್ಲಿನ್ನಿಗೆ ಹೊರಟವಳು. ಅಲ್ಲಿಂದಾಚೆ ಪರೀಕ್ಷೆ ಮಾಡುವ ಕೆಲಸ ಅವಳೇ ವಹಿಸಿಕೊಂಡಳು.

ಗಾಲಿಕುರ್ಚಿಯ ಬಗ್ಗೆ ಒಂದು ಮಾತು. ನಡೆಯಲು ಬರುವವರೂ ಗಾಲಿಕುರ್ಚಿ ಬರೆಸುತ್ತಾರೆ ಅಂತ ನಗಾಡುವವರಿದ್ದಾರೆ. ತಳ್ಳುವವರೇ ಗೇಟಿನವರೆಗೆ ಬಿಡುವುದರಿಂದ ಯಾರಲ್ಲೂ ದಾರಿ ಕೇಳಬೇಕಾಗಿಲ್ಲ; ಕಾಲಿಗಿಂತ ಹೆಚ್ಚಾಗಿ ಅದು ಭಾಷೆಗೆ ಊರುಗೋಲು. ನಾನಂತೂ ನಗುವುದಿಲ್ಲ.

ಅಮೆರಿಕದ ವಿಮಾನಗಳಿಗೆ ಗೇಟಿನ ಹತ್ತಿರ ಇನ್ನೊಂದು ಸುತ್ತು ತಪಾಸಣೆ ಇರುವುದರಿಂದ ಮಾತು ಎಷ್ಟೇ ರುಚಿಯಾಗಿರಲಿ, ಒಂದೂವರೆ ಗಂಟೆ ಮುಂಚೆ ಎದ್ದುಬಿಡುತ್ತೇನೆ. ಫೋನ್ ನಂಬರು ಕೇಳುವುದಿಲ್ಲ. ಅವರಾಗಿ ಕೊಟ್ಟರೆ ಬರೆದುಕೊಳ್ಳುತ್ತೇನೆ.

ಸ್ನೇಹ ಎಷ್ಟೇ ಬೆಳೆದರೂ ಒಂದನ್ನು ಮಾತ್ರ ಮಾಡುವುದಿಲ್ಲ: ಬೇರೆಯವರ ಗಂಟು ಮುಟ್ಟುವುದು. ನಮ್ಮ ಅಡುಗೆಮನೆಯ ಗಸಗಸೆ ಕೊಲ್ಲಿ ದೇಶಗಳಲ್ಲಿ ಮಾದಕ ವಸ್ತುವಿನ ಲೆಕ್ಕ, ಅದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಕೊಟ್ಟವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲದಿದ್ದರೂ ಸಿಕ್ಕಿಬೀಳುವುದು ಹೊತ್ತವರು. ಎರಡು ಗಂಟೆ ಚೆನ್ನಾಗಿ ಮಾತಾಡಿದ ಒಬ್ಬರು ತಮ್ಮ ಚೀಲ ಭಾರವಾಯಿತು, ಮಸಾಲೆಪುಡಿಯ ಪೊಟ್ಟಣ ಬಾಸ್ಟನ್‌ವರೆಗೆ ನಿಮ್ಮಲ್ಲಿರಲಿ ಅಂದರು. ಆಗದು ಅಂದೆ. 'ಇಷ್ಟೇನಾ ನಿಮ್ಮ ಸ್ನೇಹ?' ಅಂತ ಮುಖ ಊದಿಸಿಕೊಂಡು ಬೇರೆ ಸಾಲಿನಲ್ಲಿ ಹೋಗಿ ಕೂತರು. ನಾನು ನನ್ನ ನೀರಿನ ಬಾಟಲಿ ತುಂಬಿಸಿಕೊಳ್ಳಲು ಎದ್ದೆ.