ತೂಕ ಹೆಚ್ಚಿದ್ದರೆ ಥೈರಾಯ್ಡ್ ಕ್ಯಾನ್ಸರ್ ಅಪಾಯ ಎಷ್ಟು? ಅಳೆದು ತಿಳಿಯುವ ಬಗೆ

ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ನೇಮಿಸಿದ ತಜ್ಞರ ತಂಡ 2016ರಲ್ಲಿ, ದೇಹದ ಬೊಜ್ಜಿನೊಂದಿಗೆ ನಂಟಿದೆಯೆಂದು ಸಾಕಷ್ಟು ಆಧಾರ ದೊರೆತಿರುವ 13 ಬಗೆಯ ಕ್ಯಾನ್ಸರ್‌ಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಥೈರಾಯ್ಡ್ ಕ್ಯಾನ್ಸರ್ ಕೂಡ ಸೇರಿದೆ. ಈ ಮಾತು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುವಾಗ ಅಪಾಯದ ಪ್ರಮಾಣ ಎಷ್ಟೆಂಬ ವಿವರ ಉದುರಿಹೋಗಿ, ಭಯವೊಂದೇ ಉಳಿಯುತ್ತದೆ. ನಿಮ್ಮ ಮಟ್ಟಿಗೆ ಆ ಅಪಾಯ ಎಷ್ಟೆಂದು ಅಂದಾಜು ಮಾಡಿಕೊಳ್ಳುವುದು ಹೇಗೆ, ಅದರ ಮೇಲೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

1. ಮೊದಲು ಎರಡು ವಿಷಯಗಳನ್ನು ಬೇರ್ಪಡಿಸಿ

‘ನನಗೆ ಥೈರಾಯ್ಡ್ ಇದೆ’ ಎಂದು ನಮ್ಮಲ್ಲಿ ಹೇಳುವವರು ಬಹುಪಾಲು ಹಾರ್ಮೋನಿನ ಕೊರತೆ ಇರುವವರು. ಟಿಎಸ್‌ಎಚ್ (ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನು) ಪರೀಕ್ಷೆ ಮಾಡಿಸಿ, ದಿನವೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗುವ ಈ ಸಮಸ್ಯೆ ಕ್ಯಾನ್ಸರ್ ಅಲ್ಲ. ಥೈರಾಯ್ಡ್ ಕ್ಯಾನ್ಸರ್ ಇರುವ ಹೆಚ್ಚಿನವರಲ್ಲಿ ಟಿಎಸ್‌ಎಚ್ ಮಟ್ಟ ಸಹಜವಾಗಿಯೇ ಇರುವುದರಿಂದ, ಆ ರಕ್ತಪರೀಕ್ಷೆಯ ವರದಿಯನ್ನು ನೋಡಿ ಕ್ಯಾನ್ಸರ್ ಇದೆ ಎಂದಾಗಲಿ, ಇಲ್ಲ ಎಂದಾಗಲಿ ತೀರ್ಮಾನಿಸುವಂತಿಲ್ಲ. ಹಾರ್ಮೋನಿನ ಕೊರತೆಯಿಂದ ಏರುವ ತೂಕವೂ ಸಾಮಾನ್ಯವಾಗಿ ಎರಡರಿಂದ ಐದು ಕಿಲೋ ಮಾತ್ರ, ಅದರಲ್ಲಿಯೂ ಹೆಚ್ಚಿನ ಪಾಲು ನೀರು ಮತ್ತು ಉಪ್ಪಿನದು. ಇಪ್ಪತ್ತು ಕಿಲೋ ಹೆಚ್ಚಾದುದಕ್ಕೆಲ್ಲ ಥೈರಾಯ್ಡನ್ನೇ ದೂರುವುದು ಆ ಗ್ರಂಥಿಗೆ ಮಾಡುವ ಅನ್ಯಾಯ.

2. ತೂಕವನ್ನೂ ಸೊಂಟವನ್ನೂ ಅಳೆಯಿರಿ

ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬಿಎಂಐ ದೊರೆಯುತ್ತದೆ. ಉದಾಹರಣೆಗೆ, 160 ಸೆಂಟಿಮೀಟರ್ ಎತ್ತರದ, 68 ಕಿಲೋ ತೂಕದ ಮಹಿಳೆಯ ಬಿಎಂಐ 26.6. ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ ಹೊಟ್ಟೆಯ ಸುತ್ತ ಬೊಜ್ಜು ಸೇರುವುದರಿಂದ, 2009ರಲ್ಲಿ ನಮ್ಮ ವೈದ್ಯರು ಒಮ್ಮತದಿಂದ ಗೊತ್ತುಪಡಿಸಿದ ಮಿತಿಗಳು ಪಾಶ್ಚಾತ್ಯ ಮಿತಿಗಳಿಗಿಂತ ಕೆಳಗಿವೆ: 23ರಿಂದ ಅಧಿಕ ತೂಕ, 25ರಿಂದ ಬೊಜ್ಜು. ಇದೇ ಮಹಿಳೆಯನ್ನು ಅಮೆರಿಕದ ವೈದ್ಯರು ‘ತುಸು ಹೆಚ್ಚು ತೂಕ’ದ ಸಾಲಿಗೆ ಸೇರಿಸಿದರೆ, ಇಲ್ಲಿನ ವೈದ್ಯರು ಬೊಜ್ಜಿನ ಸಾಲಿಗೆ ಸೇರಿಸುತ್ತಾರೆ.

ಸೊಂಟದ ಸುತ್ತಳತೆಯನ್ನು ತೆಗೆಯುವಾಗ ಬಹಳ ಮಂದಿ ತಪ್ಪುವುದು ಜಾಗದಲ್ಲಿ. ಗಂಡಸರು ಬೆಲ್ಟನ್ನು ಹೊಟ್ಟೆಯ ಕೆಳಗೆ ಬಿಗಿಯುತ್ತಾರೆ. ಹಾಗಾಗಿ ಪ್ಯಾಂಟಿನ ಅಳತೆ 34 ಇಂಚಿನಲ್ಲಿಯೇ ನಿಂತಿದ್ದರೂ ಹೊಟ್ಟೆ ಮುಂದೆ ಬಂದಿರುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಸರಿಯಾಗಿ ಮಧ್ಯದಲ್ಲಿ ಟೇಪನ್ನು ಮೈಗೆ ತಾಗಿಸಿ ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಮೇಲೆ ಅಳತೆ ನೋಡಬೇಕು, ಹೊಟ್ಟೆಯನ್ನು ಒಳಗೆಳೆದುಕೊಳ್ಳಬಾರದು. ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮುಟ್ಟಿದರೆ ಅದು ಎಚ್ಚರಿಕೆಯ ಗುರುತು.

3. ಅಪಾಯದ ಅಂಕಿಯನ್ನು ಬಿಡಿಸಿ ನೋಡಿ

ಇಡೀ ವಿಷಯದ ತಿರುಳು ಇರುವುದು ಇಲ್ಲಿ. 2016ರ ಪಟ್ಟಿಯಲ್ಲಿ ಪ್ರತಿ ಕ್ಯಾನ್ಸರಿನ ಎದುರಿಗೆ, ಸಹಜ ತೂಕದವರಿಗೆ ಹೋಲಿಸಿದರೆ ಅತ್ಯಂತ ಹೆಚ್ಚು ಬಿಎಂಐ ಇರುವವರಲ್ಲಿ ಅಪಾಯ ಎಷ್ಟು ಪಟ್ಟು ಎಂದು ನಮೂದಿಸಲಾಗಿದೆ. ಗರ್ಭಕೋಶದ ಒಳಪದರದ ಕ್ಯಾನ್ಸರಿಗೆ ಅದು 7.1 ಪಟ್ಟು, ಅನ್ನನಾಳದ ಒಂದು ಬಗೆಯ ಕ್ಯಾನ್ಸರಿಗೆ 4.8 ಪಟ್ಟು, ಮೂತ್ರಪಿಂಡದ ಕ್ಯಾನ್ಸರಿಗೆ 1.8 ಪಟ್ಟು. ಥೈರಾಯ್ಡ್ ಕ್ಯಾನ್ಸರಿಗೆ ಅದು 1.1 ಪಟ್ಟು ಮಾತ್ರ. ಹದಿಮೂರೂ ಒಂದೇ ಪಟ್ಟಿಯಲ್ಲಿವೆ ಎಂದ ಮಾತ್ರಕ್ಕೆ ಹದಿಮೂರೂ ಒಂದೇ ತೂಕದವಲ್ಲ.

ಅದೇ 2016ರಲ್ಲಿ ಪ್ರಕಟವಾದ, 22 ದೀರ್ಘಕಾಲೀನ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರಲ್ಲಿ, ಬಿಎಂಐ ಐದು ಅಂಶ ಏರಿದಾಗ ಥೈರಾಯ್ಡ್ ಕ್ಯಾನ್ಸರಿನ ಅಪಾಯ ಶೇ 6ರಷ್ಟು ಏರುವುದು ಕಂಡುಬಂತು. ಮೇಲೆ ಹೇಳಿದ 160 ಸೆಂಟಿಮೀಟರ್ ಎತ್ತರದವರಿಗೆ ಐದು ಅಂಶ ಎಂದರೆ ಸುಮಾರು 13 ಕಿಲೋ. ಆದರೆ ತಾರುಣ್ಯದಲ್ಲಿಯೇ ಬಿಎಂಐ ಹೆಚ್ಚಿದ್ದವರಲ್ಲಿ, ಪ್ರತಿ ಐದು ಅಂಶಕ್ಕೆ ಅಪಾಯ ಶೇ 13ರಷ್ಟು ಏರಿತ್ತು. ‘ಮದುವೆಯಾದ ಮೇಲೆ ತಾನೇ ಇಳಿಯುತ್ತದೆ’ ಎಂದು ಕಾಲೇಜು ಮಕ್ಕಳ ತೂಕವನ್ನು ಕಡೆಗಣಿಸುವ ಮನೆಗಳವರು ಗಮನಿಸಬೇಕಾದ ಅಂಶ ಇದು.

ಶೇಕಡಾವಾರು ಅಂಕಿಯನ್ನು ತಲೆಲೆಕ್ಕಕ್ಕೆ ಇಳಿಸಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಮೆರಿಕದಲ್ಲಿ ಸಾವಿರ ಜನರಲ್ಲಿ ಜೀವಮಾನದಲ್ಲಿ ಸುಮಾರು 12 ಮಂದಿಗೆ ಈ ಕ್ಯಾನ್ಸರ್ ಪತ್ತೆಯಾಗುತ್ತದೆ. ಅದಕ್ಕೆ ಶೇ 10 ಸೇರಿಸಿದರೆ 13 ಮಂದಿಯಾದೀತು. ಅಂದರೆ ಸಾವಿರಕ್ಕೆ ಒಬ್ಬರು ಹೆಚ್ಚು. ಭಾರತದಲ್ಲಿ ಈ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ ಅದಕ್ಕಿಂತ ಕಡಿಮೆ.

ನಂಟಿಗೆ ಜೈವಿಕ ಕಾರಣಗಳನ್ನೂ ವಿಜ್ಞಾನಿಗಳು ಸೂಚಿಸಿದ್ದಾರೆ. ಬೊಜ್ಜಿನ ಅಂಗಾಂಶ ಲೆಪ್ಟಿನ್ ಎಂಬ ಹಾರ್ಮೋನನ್ನೂ ಉರಿಯೂತಕ್ಕೆ ಕಾರಣವಾಗುವ ರಾಸಾಯನಿಕಗಳನ್ನೂ ಸ್ರವಿಸುತ್ತದೆ. ಬೊಜ್ಜಿರುವವರ ರಕ್ತದಲ್ಲಿ ಇನ್ಸುಲಿನ್ ಮಟ್ಟ ಏರಿರುವುದು ಸಾಮಾನ್ಯ. ಇವು ಜೀವಕೋಶಗಳ ಬೆಳವಣಿಗೆಯನ್ನು ಪ್ರಚೋದಿಸಬಲ್ಲವು.

4. ತೂಕದಾಚೆಗಿನ ಕಾರಣಗಳನ್ನು ನೋಡಿ

ಬಾಲ್ಯದಲ್ಲಿ ಕುತ್ತಿಗೆಯ ಭಾಗಕ್ಕೆ ವಿಕಿರಣ ತಗುಲಿದ್ದರೆ ಅದು ತೂಕಕ್ಕಿಂತ ಬಹಳ ಗಟ್ಟಿಯಾದ ಕಾರಣ. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದ ನಂತರ ಆ ಪ್ರದೇಶದ ಮಕ್ಕಳಲ್ಲಿ ಇದು ಎದ್ದು ಕಂಡಿತು. ಹೆಂಗಸರಲ್ಲಿ ಈ ಕ್ಯಾನ್ಸರ್ ಗಂಡಸರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ಪತ್ತೆಯಾಗುತ್ತದೆ. ಹತ್ತಿರದ ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಬಂದಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ.

5. ಲಕ್ಷಣವಿಲ್ಲದೆ ಸ್ಕ್ಯಾನ್ ಮಾಡಿಸಬೇಡಿ

ತೂಕ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಕುತ್ತಿಗೆಯ ಅಲ್ಟ್ರಾಸೌಂಡ್ ಮಾಡಿಸಲು ಹೊರಡುವವರು ದಕ್ಷಿಣ ಕೊರಿಯಾದಲ್ಲಿ ನಡೆದುದನ್ನು ತಿಳಿದಿರಬೇಕು. ಅಲ್ಲಿನ ಸರ್ಕಾರ 1999ರಲ್ಲಿ ಕ್ಯಾನ್ಸರ್ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದಾಗ ಥೈರಾಯ್ಡ್ ಅದರಲ್ಲಿ ಇರಲಿಲ್ಲ. ಆದರೆ ಸ್ವಲ್ಪ ಹೆಚ್ಚಿನ ಹಣ ಕೊಟ್ಟರೆ ಆಸ್ಪತ್ರೆಗಳು ಅದನ್ನೂ ನೋಡಿಕೊಡುತ್ತಿದ್ದವು. 2011ರ ಹೊತ್ತಿಗೆ ಪತ್ತೆಯಾದ ಪ್ರಕರಣಗಳ ದರ 1993ರಲ್ಲಿ ಇದ್ದುದರ 15 ಪಟ್ಟಾಯಿತು. ಸಾವಿನ ದರ ಮಾತ್ರ ಇದ್ದಲ್ಲಿಯೇ ಇತ್ತು. ಜೀವಕ್ಕೆ ತೊಂದರೆ ಮಾಡದೆ ಉಳಿದುಬಿಡುತ್ತಿದ್ದ ಸಣ್ಣ ಗಂಟುಗಳಿಗಾಗಿ ಸಾವಿರಾರು ಜನ ಗ್ರಂಥಿಯನ್ನು ತೆಗೆಸಿಕೊಂಡು, ಜೀವನಪೂರ್ತಿ ಮಾತ್ರೆಗೆ ಕಟ್ಟುಬಿದ್ದರು. ಕೆಲವರ ಧ್ವನಿತಂತುಗಳಿಗೂ ಹಾನಿಯಾಯಿತು. ಅಮೆರಿಕದ ತಡೆಗಟ್ಟುವ ಚಿಕಿತ್ಸೆಗಳ ಕಾರ್ಯಪಡೆ 2017ರಲ್ಲಿ, ರೋಗಲಕ್ಷಣವಿಲ್ಲದ ವಯಸ್ಕರಿಗೆ ಥೈರಾಯ್ಡ್ ಕ್ಯಾನ್ಸರ್ ತಪಾಸಣೆ ಬೇಡವೆಂದೇ ಹೇಳಿದೆ. ನಮ್ಮ ನಗರಗಳ ‘ಪೂರ್ಣ ದೇಹ ತಪಾಸಣೆ’ಯ ಪ್ಯಾಕೇಜುಗಳಲ್ಲಿ ಕುತ್ತಿಗೆಯ ಸ್ಕ್ಯಾನನ್ನು ಉಚಿತ ಕೊಡುಗೆಯಂತೆ ಸೇರಿಸಿದ್ದರೆ, ನನ್ನ ಅಭಿಪ್ರಾಯದಲ್ಲಿ, ಆ ಉಚಿತವನ್ನು ಬಿಟ್ಟುಬಿಡುವುದೇ ಒಳ್ಳೆಯದು.

6. ಲಕ್ಷಣ ಕಂಡರೆ ತಡಮಾಡಬೇಡಿ

ಕುತ್ತಿಗೆಯ ಮುಂಭಾಗದಲ್ಲಿ ಕೈಗೆ ಸಿಗುವ ಅಥವಾ ಕಣ್ಣಿಗೆ ಕಾಣುವ ಗಂಟು, ಶೀತವಿಲ್ಲದೆಯೂ ಮೂರು ವಾರ ದಾಟಿದ ಧ್ವನಿಯ ಗೊಗ್ಗರು, ನುಂಗುವಾಗ ತಡೆ, ಕುತ್ತಿಗೆಯ ಪಕ್ಕದಲ್ಲಿ ಕರಗದೆ ಉಳಿದ ಗಡ್ಡೆ: ಇವುಗಳಲ್ಲಿ ಯಾವುದಿದ್ದರೂ ವೈದ್ಯರಲ್ಲಿಗೆ ಹೋಗಿ. ದಪ್ಪ ಕುತ್ತಿಗೆಯವರಲ್ಲಿ ಗಂಟು ಬೇಗ ಕೈಗೆ ಸಿಗದಿರಬಹುದಾದ್ದರಿಂದ ಅವರು ಉಳಿದ ಲಕ್ಷಣಗಳನ್ನು ಹಗುರವಾಗಿ ಕಾಣಬಾರದು. ಇಲ್ಲಿ ಸ್ಕ್ಯಾನ್ ಅಗತ್ಯ. ಗಂಟಿನ ಗಾತ್ರ ಮತ್ತು ರೂಪವನ್ನು ನೋಡಿ ಸೂಜಿ ಪರೀಕ್ಷೆ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಆಗಿರುವುದಿಲ್ಲ.

7. ತೂಕ ಇಳಿಸುವ ಔಷಧಿಗೆ ಮುನ್ನ

ತೂಕ ಇಳಿಸುವುದರಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳಿಗೆ ಆಗುವ ಲಾಭ ಚೆನ್ನಾಗಿ ಸಾಬೀತಾಗಿದೆ. ಇಳಿಸಲು ಅಷ್ಟೇ ಕಾರಣ ಸಾಕು. 2025ರಿಂದ ಭಾರತದಲ್ಲಿ ಮೌಂಜಾರೊ, ವೆಗೋವಿ ಹೆಸರಿನ ವಾರಕ್ಕೊಮ್ಮೆಯ ಚುಚ್ಚುಮದ್ದುಗಳೂ ದೊರೆಯುತ್ತಿವೆ. ಈ ಬಗೆಯ ಔಷಧಿಗಳನ್ನು ಇಲಿಗಳಿಗೆ ಕೊಟ್ಟಾಗ ಥೈರಾಯ್ಡಿನಲ್ಲಿ ಗಡ್ಡೆಗಳು ಕಾಣಿಸಿಕೊಂಡಿದ್ದವು. ಲಭ್ಯವಿರುವ ಆಧಾರಗಳು ಮನುಷ್ಯರಲ್ಲಿ ಅಂತಹ ಕಾರಣ-ಪರಿಣಾಮದ ಸಂಬಂಧವನ್ನು ತೋರಿಸುವುದಿಲ್ಲ ಎಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಹೇಳಿತು. ಆದರೂ ‘ಮೆಡ್ಯುಲರಿ’ ಎಂಬ ವಿರಳ ಬಗೆಯ ಥೈರಾಯ್ಡ್ ಕ್ಯಾನ್ಸರ್ ಬಂದವರು ಹಾಗೂ ಅದು ಕುಟುಂಬದಲ್ಲಿ ಇರುವವರು ಈ ಚುಚ್ಚುಮದ್ದನ್ನು ತೆಗೆದುಕೊಳ್ಳಬಾರದೆಂಬ ಎಚ್ಚರಿಕೆ ಅಮೆರಿಕದಲ್ಲಿ ಈ ಔಷಧಿಗಳ ಲೇಬಲ್‌ನಲ್ಲಿದೆ. ಈ ಬಗೆಯ ಕ್ಯಾನ್ಸರ್ ಬಂದ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಅದು ವಂಶವಾಹಿಯಿಂದಲೇ ಬಂದಿರುತ್ತದೆ. ಆದ್ದರಿಂದ ಚೀಟಿ ಬರೆಸಿಕೊಳ್ಳುವ ಮುನ್ನ, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಶಸ್ತ್ರಚಿಕಿತ್ಸೆ ಆಗಿದ್ದರೆ ಅವರ ಹಳೆಯ ಬಯಾಪ್ಸಿ ವರದಿಯನ್ನು ಹುಡುಕಿ ತೆಗೆದು, ಅದರಲ್ಲಿ ಯಾವ ಬಗೆ ಎಂದು ಬರೆದಿದೆಯೋ ಅದನ್ನು ವೈದ್ಯರಿಗೆ ತೋರಿಸಿ.