ತಾರೀಕಿಗೊಂದು ಕೀರ್ತನೆ, ಬಾಯಿಗೊಂದು ಕಾವಲು

ಜನವರಿ ಒಂದಕ್ಕೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡದಿಂದ ಶುರು ಮಾಡಿ, ಮೂರನೆಯದಾದ ಯಾಜಕಕಾಂಡ ಬರುವಷ್ಟರಲ್ಲಿ ಸತ್ಯವೇದ (ಬೈಬಲ್) ಮುಚ್ಚಿಡುವವರು ನಮ್ಮ ಚರ್ಚಿನ ಸಭೆಯಲ್ಲಿ ಜಾಸ್ತಿ. ತಪ್ಪೇನಿಲ್ಲ ಬಿಡಿ. ಬೆಳಿಗ್ಗೆ ಟಿಫಿನ್ ಡಬ್ಬಿ ಕಟ್ಟುವ ಹೊತ್ತಿನಲ್ಲಿ ಯಜ್ಞದ ಕೊಬ್ಬಿನ ಲೆಕ್ಕ ಯಾರ ತಲೆಗೆ ಹತ್ತುತ್ತದೆ? ನಾನು ಹಿಡಿದ ದಾರಿ ಬೇರೆ. ಸತ್ಯವೇದದಲ್ಲಿ ಕೀರ್ತನೆಗಳು, ಅಂದರೆ ಹಾಡಿನ ರೂಪದ ಪ್ರಾರ್ಥನೆಗಳು, 150. ತಿಂಗಳಿಗೆ 30 ದಿನ. ಅಲ್ಲಿಗೆ ದಿನಕ್ಕೆ ಐದು. ತಾರೀಕಿಗೆ 30, 30 ಕೂಡಿಸುತ್ತಾ ಹೋದರೆ ಆ ದಿನದ ಐದೂ ಸಿಗುತ್ತವೆ. 13ನೇ ತಾರೀಕು ಅಂದರೆ 13, 43, 73, 103, 133. ಪಟ್ಟಿ ಬೇಡ, ತಪ್ಪಿದ ದಿನದ ಬಾಕಿಯೂ ಇಲ್ಲ. ಗೋಡೆಯ ಕ್ಯಾಲೆಂಡರ್ ಸಾಕು. 31ನೇ ತಾರೀಕಿಗೆ 119 ಇಟ್ಟುಕೊಂಡಿದ್ದೇನೆ. 176 ವಚನ, ಎಂಟೆಂಟರ 22 ಗುಂಪು. ಒಂದೇ ಸಲಕ್ಕೆ ಮುಗಿಯುವುದಿಲ್ಲ. ಉಳಿದದ್ದನ್ನು ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಮಕ್ಕಳು ಸರದಿಯಲ್ಲಿ ಓದುತ್ತಾರೆ.

ಹಾಗಂತ ದಿನಾ ಐದನ್ನೂ ನಾನು ಓದುವುದಿಲ್ಲ. ಒಂದನ್ನು ಆರಿಸಿ, ಕುಕ್ಕರ್ ಕೂಗುವುದರೊಳಗೆ, ಅಡುಗೆಮನೆಯಲ್ಲೇ ನಿಂತು ಗಟ್ಟಿಯಾಗಿ ಓದುತ್ತೇನೆ. ಮನಸ್ಸಿನಲ್ಲೇ ಓದಿದರೆ ಕಣ್ಣು ಸಾಲಿನ ಮೇಲಿದ್ದರೂ ತಲೆ ಆಗಲೇ ಬಸ್ ಸ್ಟಾಪಿನಲ್ಲಿರುತ್ತದೆ. ಬಾಯಿಬಿಟ್ಟು ಓದಿದರೆ ಮಾತು ಕಿವಿಗೂ ಬೀಳುತ್ತದೆ ಅಲ್ವಾ, ಅಲ್ಲಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಇಷ್ಟವಾದದ್ದನ್ನೇ ಆರಿಸಬಾರದು ಅಂತ ಮಾತ್ರ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇನೆ. 23, 91, 121 ಎಲ್ಲರಿಗೂ ಬಾಯಿಪಾಠ. 58ನ್ನು ಯಾರು ಓದುತ್ತಾರೆ? ದೇವರೇ, ಅವರ ಹಲ್ಲು ಮುರಿ ಎಂದು ಬೇಡುವ ಕೀರ್ತನೆ ಅದು. ನನಗೆ ಬರಬೇಕಿದ್ದ ಬಡ್ತಿ ಬೇರೆಯವರ ಪಾಲಾದಾಗ ಅದನ್ನು ಎರಡೆರಡು ಸಲ ಓದಿದೆ. ಸಿಟ್ಟನ್ನೆಲ್ಲ ದೇವರ ಮುಂದೆಯೇ ಸುರಿದು ಹೊರಟರೆ ಆಫೀಸಿಗೆ ಒಯ್ಯಲು ಅಷ್ಟೇನೂ ಉಳಿದಿರುವುದಿಲ್ಲ. ಇನ್ನು 88. ಅದು ಕತ್ತಲೆಯಲ್ಲೇ ನಿಂತುಬಿಡುತ್ತದೆ, ಕೊನೆಗೂ ಒಂದು ಸ್ತೋತ್ರದ ಸಾಲಿಲ್ಲ. ಅಮ್ಮ ಹಾಸಿಗೆ ಹಿಡಿದ ವರ್ಷ ನನಗೆ ಆಸರೆಯಾಗಿದ್ದು ಅದೇ. "ವಿಶ್ವಾಸ ಇಡು, ಎಲ್ಲ ಸರಿಹೋಗುತ್ತೆ" ಎಂದು ಹೇಳಿ ಹೋದವರಿಗಿಂತ ಆ ಕೀರ್ತನೆಗಾರನೇ ನನ್ನ ಪಕ್ಕ ಕೂತ ಹಾಗಿತ್ತು.

ವಿಶ್ವಾಸ ಬೆಳೆಸಿಕೊಳ್ಳಲು ನಾನು ಮಾಡುವುದು ಇಷ್ಟೇ. ಬೆಳೆದದ್ದನ್ನು ಕಾಯುವ ಕೆಲಸವೇ ದೊಡ್ಡದು. ಯೇಸು ಹೇಳಿದ ಬಿತ್ತುವವನ ಸಾಮ್ಯದಲ್ಲಿ, ಅಂದರೆ ದೃಷ್ಟಾಂತ ಕಥೆಯಲ್ಲಿ, ಬೀಜ ಎಂದರೆ ದೇವರ ವಾಕ್ಯ. ಮುಳ್ಳುಗಿಡಗಳ ನಡುವೆ ಬಿದ್ದ ಬೀಜವನ್ನು ಯಾರೂ ಕಿತ್ತು ಹಾಕುವುದಿಲ್ಲ, ಅದು ಮೊಳೆತೂ ಮೊಳೆಯುತ್ತದೆ. ಪ್ರಪಂಚದ ಚಿಂತೆ, ಹಣದ ಮೋಸ ಅದನ್ನು ಅಡಗಿಸುತ್ತವೆ ಎನ್ನುತ್ತಾನೆ ಯೇಸು. ನನ್ನ ಮುಳ್ಳು ಎಲ್ಲಿದೆ ಎಂದು ಹುಡುಕಿದರೆ, ಟೀವಿಯಲ್ಲೂ ಅಲ್ಲ, ಶಾಪಿಂಗಿನಲ್ಲೂ ಅಲ್ಲ, ಪ್ರಾರ್ಥನಾ ಕೂಟದಲ್ಲೇ ಸಿಕ್ಕಿತು.

ಕೂಟಕ್ಕೆ ಹೋಗುವವರಿಗೆ ಇದು ಗೊತ್ತು. "ಪ್ರಾರ್ಥನೆಯ ವಿಷಯ ಹೇಳಿ" ಎಂದಾಗ ಕಾಯಿಲೆ, ಪರೀಕ್ಷೆ, ಕೆಲಸ ಬರುತ್ತವೆ. ಆಮೇಲೆ ದನಿ ಸ್ವಲ್ಪ ಇಳಿಯುತ್ತದೆ. "ಅವರ ಮಗಳಿಗಾಗಿ ಪ್ರಾರ್ಥಿಸಿ, ಗಂಡನ ಮನೆಯಿಂದ ವಾಪಸ್ ಬಂದಿದ್ದಾಳಂತೆ." ಅಂತೆ! ಪ್ರಾರ್ಥನೆಗೆ ಎರಡು ನಿಮಿಷ, ಆ ಅಂತೆಗೆ ಅರ್ಧ ಗಂಟೆ. ಮನೆಗೆ ಬರುವಷ್ಟರಲ್ಲಿ ವಾಟ್ಸಾಪಿನಲ್ಲಿ ಅದೇ ಮುಂದುವರಿದಿರುತ್ತದೆ. ಅದಾದ ಮೇಲೆ ಸತ್ಯವೇದ ತೆರೆದರೆ ಒಂದು ಸಾಲೂ ಒಳಗೆ ಇಳಿಯುವುದಿಲ್ಲ.

ಈಗ ಇಬ್ಬರ ನಡುವೆ ಇಂಥ ಮಾತು ಶುರುವಾದರೆ, "ಬನ್ನಿ, ಅವಳಿಗಾಗಿ ಈಗಲೇ ಪ್ರಾರ್ಥಿಸೋಣ" ಎಂದು ಕಣ್ಣು ಮುಚ್ಚಿಬಿಡುತ್ತೇನೆ. ಅರ್ಧಕ್ಕರ್ಧ ಕಥೆಗಳು ಅಲ್ಲೇ ನಿಲ್ಲುತ್ತವೆ! ಕೂಟದಲ್ಲಿ ಮಾತ್ರ, ಸಂಬಂಧಪಟ್ಟವರು ಹೇಳು ಎಂದು ಕೇಳಿಕೊಂಡಿದ್ದರಷ್ಟೇ ಹೆಸರು ಹೇಳುತ್ತೇನೆ, ಅವರು ಹೇಳಿದಷ್ಟನ್ನೇ ಹೇಳುತ್ತೇನೆ. ಉಳಿದದ್ದು ದೇವರಿಗೆ ಗೊತ್ತೇ ಇದೆ. ಇದಕ್ಕೆ ಕೆಲವರು ನನ್ನನ್ನು ಬಿಗುಮಾನದವಳು ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ. ಪ್ರತಿ 21ನೇ ತಾರೀಕು 51, 141 ಎರಡೂ ಒಟ್ಟಿಗೆ ಬರುತ್ತವೆ. ಒಂದರಲ್ಲಿ ಪಾಪದ ಅರಿಕೆ, ಇನ್ನೊಂದರಲ್ಲಿ ಬಾಯಿಗೆ ಕಾವಲಿಡು ಎಂಬ ಬೇಡಿಕೆ. ಆ ದಿನ ಮಾತ್ರ ಎರಡನ್ನೂ ಬಿಡುವುದಿಲ್ಲ.

ನಮ್ಮ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಆರಾಧನೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಸಂಗಡ ಒಂದಾಗು ಎಂದು ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿದೆ. ವೇದಿಯ ತನಕ ಹೋಗಿ ವಾಪಸ್ ಬರುವ ಬದಲು ನಾನು ಶನಿವಾರ ಸಂಜೆಯೇ ಆ ಕೆಲಸ ಮಾಡುತ್ತೇನೆ. ಯಾರ ಜೊತೆ ಮಾತು ಕೆಟ್ಟಿದೆಯೋ ಅವರಿಗೆ ಒಂದು ಫೋನ್. ಮೆಸೇಜ್ ಅಲ್ಲ, ಫೋನೇ. ನೀಲಿ ಟಿಕ್ ನೋಡಿ ಸಮಾಧಾನ ಮಾಡಿಕೊಳ್ಳಲು ಅದರಲ್ಲಿ ಆಗುವುದಿಲ್ಲ. ಆಸ್ತಿ ಪಾಲಾದ ಮೇಲೆ ಹತ್ತಿರದ ನೆಂಟರೊಬ್ಬರು ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಕೆಲವು ತಿಂಗಳು ಫೋನ್ ಎತ್ತುತ್ತಾರೆ, ಕೆಲವು ತಿಂಗಳು ಇಲ್ಲ. ಎತ್ತಿದರೆ ಪಾಲಿನ ಮಾತು ತೆಗೆಯುವುದಿಲ್ಲ. ಮೊಣಕಾಲು ನೋವು ಹೇಗಿದೆ, ಮೊಮ್ಮಗು ನಡೆಯುತ್ತಿದೆಯಾ, ಅಷ್ಟೇ. ಎತ್ತದಿದ್ದರೆ ಮುಂದಿನ ತಿಂಗಳು ಮತ್ತೆ ಮಾಡುತ್ತೇನೆ.