ಊರಿನ ಸಿಮ್ ಕಾರ್ಡನ್ನು ಏನು ಮಾಡಿದಿರಿ? ಕೊಲ್ಲಿಗೆ ಹೊರಟ ಹೊಸಬರು ಮೊದಲು ನೋಡಿಕೊಳ್ಳಬೇಕಾದದ್ದು

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ದುಬೈ, ಅಬುಧಾಬಿಗೆ ಕೆಲಸಕ್ಕೆ ಹೊರಡುವ ನಮ್ಮ ಕಡೆಯ ಹುಡುಗ ಹುಡುಗಿಯರು ಪಾಸ್‌ಪೋರ್ಟ್, ವೀಸಾ, ದೃಢೀಕರಣ ಮಾಡಿಸಿದ ಪ್ರಮಾಣಪತ್ರಗಳಿಂದ ಹಿಡಿದು ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿಯವರೆಗೆ ಎಲ್ಲವನ್ನೂ ಎರಡೆರಡು ಸಲ ನೋಡಿಕೊಳ್ಳುತ್ತಾರೆ. ಊರಿನ ಮೊಬೈಲ್ ಸಂಖ್ಯೆಯನ್ನು ಏನು ಮಾಡಬೇಕೆಂದು ಮಾತ್ರ ಹೆಚ್ಚಿನವರು ಯೋಚಿಸಿರುವುದಿಲ್ಲ. ಬ್ಯಾಂಕ್ ಖಾತೆ, ಆಧಾರ್, ಪಾನ್, ಜಿಮೇಲ್, ಫೇಸ್‌ಬುಕ್, ವಾಟ್ಸಾಪ್ ಎಲ್ಲವೂ ಆ ಒಂದೇ ಸಂಖ್ಯೆಗೆ ಕಟ್ಟಿಕೊಂಡಿರುತ್ತವೆ. ಪಾಸ್‌ವರ್ಡ್ ಮರೆತರೆ ಹೊಸದನ್ನು ಪಡೆಯುವುದೂ ಆ ಸಂಖ್ಯೆಗೆ ಬರುವ ಓಟಿಪಿಯಿಂದಲೇ. ಉಡುಪಿ, ಮಂಗಳೂರಿನಿಂದ ಇಲ್ಲಿಗೆ, ಅಂದರೆ ಯುಎಇಗೆ, ಬಂದ ಹೊಸಬರು ನನ್ನ ಬಳಿ ಹೇಳಿಕೊಳ್ಳುವ ತೊಂದರೆಗಳಲ್ಲಿ ಬಹುಪಾಲು ಈ ಸಂಖ್ಯೆಯಿಂದಲೇ ಆರಂಭವಾದವು. ಆದ್ದರಿಂದ ಖಾತೆಗಳ ರಕ್ಷಣೆಯ ಮಾತನ್ನು ನಾನು ಪಾಸ್‌ವರ್ಡ್‌ನಿಂದಲ್ಲ, ಸಿಮ್ ಕಾರ್ಡಿನಿಂದ ಶುರು ಮಾಡುತ್ತೇನೆ.

ಇಲ್ಲಿಗೆ ಬಂದ ಮೇಲೆ ಹಲವರು ಊರಿನ ಸಂಖ್ಯೆಗೆ ರೀಚಾರ್ಜ್ ಮಾಡುವುದನ್ನು ನಿಲ್ಲಿಸಿಬಿಡುತ್ತಾರೆ. ಪ್ರೀಪೇಯ್ಡ್ ಸಂಖ್ಯೆಯೊಂದು 90 ದಿನ ಬಳಕೆಯಿಲ್ಲದೆ ಉಳಿದರೆ ಕಂಪನಿ ಅದನ್ನು ಸ್ಥಗಿತಗೊಳಿಸಬಹುದು. ಖಾತೆಯಲ್ಲಿ ಕನಿಷ್ಠ 20 ರೂಪಾಯಿ ಉಳಿದಿದ್ದರೆ ಅದನ್ನು ಕಡಿದುಕೊಂಡು ಇನ್ನೂ 30 ದಿನ ಉಳಿಸುವ ವ್ಯವಸ್ಥೆಯಿದೆ. ಅದೂ ಮುಗಿದ ಮೇಲೆ, ಒಂದಷ್ಟು ಕಾಲ ಬಿಟ್ಟು, ಆ ಸಂಖ್ಯೆ ಬೇರೊಬ್ಬರ ಕೈಗೆ ಹೋಗುತ್ತದೆ. ಹಾಗೆ ಪಡೆದವರು ಒಳ್ಳೆಯವರೇ ಆಗಿದ್ದರೂ ನಿಮ್ಮ ಬ್ಯಾಂಕಿನ ಸಂದೇಶಗಳು ಅವರ ಫೋನಿನಲ್ಲಿ ಬೀಳುತ್ತವೆ, ನಿಮ್ಮ ವಾಟ್ಸಾಪ್ ಖಾತೆಯನ್ನು ತಮ್ಮ ಸಂಖ್ಯೆಯೆಂದು ಅವರು ನೋಂದಾಯಿಸಿಕೊಳ್ಳಬಹುದು. ಕಡಿಮೆ ಖರ್ಚಿನಲ್ಲಿ ಸಂಖ್ಯೆ ಉಳಿಸಿಕೊಳ್ಳುವ ದಾರಿ ಈಗ ಇದೆ. ಡೇಟಾ ಬೇಡದವರಿಗಾಗಿ ಕರೆ ಮತ್ತು ಎಸ್ಎಂಎಸ್ ಮಾತ್ರವಿರುವ, ಗರಿಷ್ಠ 365 ದಿನಗಳ ಅವಧಿಯ ಯೋಜನೆಗಳನ್ನು ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕಂಪನಿಗಳಿಗೆ ವಿಧಿಸಿದೆ. ಹೊರಡುವ ಮುನ್ನ ಅಂಥದ್ದೊಂದನ್ನು ಹಾಕಿಸಿ, ಅಂತರರಾಷ್ಟ್ರೀಯ ರೋಮಿಂಗ್ ಊರಿನಲ್ಲೇ ಚಾಲೂ ಮಾಡಿಸಿ, ಎಸ್ಎಂಎಸ್ ಬರುವುದಕ್ಕೆ ಶುಲ್ಕ ಇದೆಯೇ ಎಂದು ಅಂಗಡಿಯಲ್ಲೇ ಕೇಳಿ ತಿಳಿದುಕೊಳ್ಳಿ.

ಇನ್ನು ಕೆಲವರು ಸಿಮ್ಮನ್ನು ಅಪ್ಪನ ಅಥವಾ ಅಮ್ಮನ ಫೋನಿನಲ್ಲಿ ಹಾಕಿಟ್ಟು ಬರುತ್ತಾರೆ. ನಮ್ಮ ಮನೆಗಳಲ್ಲಿ ಇದು ಎಷ್ಟು ರೂಢಿಯಾಗಿದೆಯೆಂದರೆ ಇದರಲ್ಲಿ ಅಪಾಯವಿದೆಯೆಂದು ಯಾರಿಗೂ ಅನಿಸುವುದಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕವಾಗುವುದು ಇದರ ಬಗ್ಗೆಯೇ. ಶಾರ್ಜಾದಲ್ಲಿ ಕುಳಿತ ಮಗ ಬ್ಯಾಂಕಿನ ಆ್ಯಪ್ ತೆರೆಯುತ್ತಾನೆ, ಕುಂದಾಪುರದಲ್ಲಿರುವ ಅಮ್ಮನಿಗೆ ಕರೆ ಮಾಡುತ್ತಾನೆ, “ಅಮ್ಮ, ಈಗ ಒಂದು ಮೆಸೇಜ್ ಬಂದಿರುತ್ತದೆ, ಅದರಲ್ಲಿರುವ ಆರು ಅಂಕಿ ಓದಿ ಹೇಳು, ಬೇಗ” ಎನ್ನುತ್ತಾನೆ. ಅಮ್ಮ ಕನ್ನಡಕ ಹುಡುಕಿ, ಒಂದೊಂದೇ ಅಂಕಿಯನ್ನು ಓದಿ ಹೇಳುತ್ತಾರೆ. ತಿಂಗಳಿಗೆ ನಾಲ್ಕು ಸಲ ಹೀಗೆ ನಡೆದರೆ, ಫೋನಿನಲ್ಲಿ ಯಾರಾದರೂ ಅವಸರ ಮಾಡಿದಾಗ ಓಟಿಪಿ ಓದಿ ಹೇಳುವುದು ಸಹಜವಾದ ಕೆಲಸವೆಂದು ನಾವೇ ಅವರಿಗೆ ಅಭ್ಯಾಸ ಮಾಡಿಸಿದಂತಾಯಿತು. ಮುಂದೆ ಒಬ್ಬ ವಂಚಕ ಬ್ಯಾಂಕಿನ ಹೆಸರು ಹೇಳಿ ಅದೇ ಧಾಟಿಯಲ್ಲಿ ಕೇಳಿದಾಗ ಅವರು ಹೇಳಿಬಿಟ್ಟರೆ ತಪ್ಪು ಅವರದೆನ್ನುವುದು ಹೇಗೆ? ಸಿಮ್ ನಿಮ್ಮ ಜೊತೆಗೇ ಬರಲಿ. ಎರಡು ಸಿಮ್ ಹಿಡಿಯುವ ಫೋನಿನಲ್ಲಿ ಒಂದು ಊರಿನದು, ಇನ್ನೊಂದು ಇಲ್ಲಿನದು ಇರಲಿ. ಊರಿನದಕ್ಕೆ ಸಿಮ್ ಪಿನ್ ಹಾಕಿಡಿ, ಏಕೆಂದರೆ ಫೋನ್ ಕಳುವಾದಾಗ ಕಳ್ಳ ಆ ಸಿಮ್ಮನ್ನು ತೆಗೆದು ಬೇರೆ ಫೋನಿಗೆ ಹಾಕಿದರೂ ಪಿನ್ ಇಲ್ಲದೆ ಅದು ಕೆಲಸ ಮಾಡುವುದಿಲ್ಲ.

ಇದಕ್ಕಿಂತ ಉತ್ತಮವಾದದ್ದು ಬ್ಯಾಂಕಿನಲ್ಲಿ ಇಲ್ಲಿನ ಸಂಖ್ಯೆಯನ್ನೇ ನೋಂದಾಯಿಸುವುದು. ಅನಿವಾಸಿಯಾದ ಮೇಲೆ ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಅನಿವಾಸಿಗಳು ಊರಿನ ಆದಾಯ ಇಡುವ ಖಾತೆ) ಬದಲಿಸಿಕೊಳ್ಳುವುದು ಹೇಗೂ ಕಾನೂನಿನ ಅಗತ್ಯ. ಇಲ್ಲಿನ ಸಂಬಳ ಕಳುಹಿಸುವುದಕ್ಕೆ ಎನ್‌ಆರ್‌ಇ ಖಾತೆ ತೆರೆಯುತ್ತೀರಿ. ಆ ಕಾಗದಪತ್ರಗಳ ಜೊತೆಗೇ ಸಂಖ್ಯೆ ಬದಲಾವಣೆಯ ಅರ್ಜಿಯನ್ನೂ ಕೊಡಿ. ಯುಎಇ, ಸೌದಿ ಅರೇಬಿಯಾ, ಕತಾರ್, ಒಮಾನ್ ಸೇರಿದಂತೆ ಹತ್ತು ದೇಶಗಳ ಸಂಖ್ಯೆಗಳಿಂದ ಈ ಖಾತೆಗಳಿಗೆ ಯುಪಿಐ ಬಳಸಲು 2023ರ ಜನವರಿಯಲ್ಲೇ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಅನುವು ಮಾಡಿಕೊಟ್ಟಿದೆ. ನಿಮ್ಮ ಬ್ಯಾಂಕ್ ಅದನ್ನು ಕೊಡುತ್ತದೆಯೇ ಎಂದು ಶಾಖೆಯಲ್ಲಿ ವಿಚಾರಿಸಿ. ಆಧಾರ್‌ಗೆ ಮಾತ್ರ ಊರಿನ ಸಂಖ್ಯೆಯೇ ಇರಲಿ.

ಊರಿನ ಸಿಮ್‌ಗೆ ಇದ್ದಕ್ಕಿದ್ದಂತೆ ನೆಟ್‌ವರ್ಕ್ ಹೋದರೆ, ರೋಮಿಂಗ್ ಎಂದರೆ ಹೀಗೆಯೇ ಎಂದು ಸುಮ್ಮನಿರಬೇಡಿ. ಯಾರೋ ನಿಮ್ಮ ಹೆಸರಿನಲ್ಲಿ ನಕಲಿ ದಾಖಲೆ ಕೊಟ್ಟು ಅದೇ ಸಂಖ್ಯೆಯ ಬದಲಿ ಸಿಮ್ ಪಡೆದಿರಬಹುದು. ಬದಲಿ ಸಿಮ್ ಚಾಲೂ ಆದ ಮೊದಲ 24 ಗಂಟೆ ಅದಕ್ಕೆ ಎಸ್ಎಂಎಸ್ ಬರದಂತೆ, ಹೋಗದಂತೆ ತಡೆಯುವ ನಿಯಮವನ್ನು ದೂರಸಂಪರ್ಕ ಇಲಾಖೆ 2022ರಲ್ಲಿ ತಂದದ್ದು ಇದೇ ವಂಚನೆಯ ಕಾರಣಕ್ಕೆ. ಆ ಒಂದು ದಿನವೇ ನಿಮಗಿರುವ ಅವಕಾಶ. ಅದರೊಳಗೆ ಕಂಪನಿಗೂ ಬ್ಯಾಂಕಿಗೂ ತಿಳಿಸಬೇಕು. ಹಾಗೆಯೇ, ಪಾರ್ಸೆಲ್ ತಲುಪಿಸುವ ನೆಪದಲ್ಲೋ ಇಂಟರ್‌ನೆಟ್ ಸರಿಪಡಿಸುವ ನೆಪದಲ್ಲೋ ಯಾರಾದರೂ *401* ಅಥವಾ *21* ಎಂದು ಆರಂಭವಾಗುವ ಸಂಖ್ಯೆಯನ್ನು ಒತ್ತಲು ಹೇಳಿದರೆ ಒತ್ತಬೇಡಿ. ಅದು ನಿಮಗೆ ಬರುವ ಕರೆಗಳನ್ನೆಲ್ಲ ಅವರ ಫೋನಿಗೆ ತಿರುಗಿಸುವ ಸಂಕೇತ. ಅನಂತರ ಅವರು ವಾಟ್ಸಾಪ್‌ನ ನೋಂದಣಿ ಕೋಡನ್ನು ಕರೆಯ ಮೂಲಕ ತರಿಸಿಕೊಳ್ಳುತ್ತಾರೆ. ಒತ್ತಿಯಾಗಿದ್ದರೆ ##002# ಎಂದು ಡಯಲ್ ಮಾಡಿ, ತಿರುಗಿಸಿದ್ದೆಲ್ಲ ರದ್ದಾಗುತ್ತದೆ. ನಿಮ್ಮ ಹೆಸರಿನಲ್ಲಿ ಬೇರೆ ಯಾವ ಸಂಖ್ಯೆಗಳಿವೆಯೆಂದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಬಹುದು. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಒಮ್ಮೆ ನೋಡಿಬಿಡುವುದು ಒಳ್ಳೆಯದು.

ಸಾಮಾಜಿಕ ಜಾಲತಾಣಗಳ ವಿಚಾರದಲ್ಲಿ ಮೊದಲು ಭದ್ರವಾಗಬೇಕಾದದ್ದು ನಿಮ್ಮ ಇಮೇಲ್, ಏಕೆಂದರೆ ಉಳಿದೆಲ್ಲ ಖಾತೆಗಳ ಹೊಸ ಪಾಸ್‌ವರ್ಡ್ ಅಲ್ಲಿಗೇ ಬರುತ್ತದೆ. ಅದಕ್ಕೆ ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಇಟ್ಟು, ಎರಡನೆಯ ದೃಢೀಕರಣವನ್ನು ಎಸ್ಎಂಎಸ್ ಬದಲು ಅಥೆಂಟಿಕೇಟರ್ ಆ್ಯಪ್‌ಗೆ (ಫೋನಿನಲ್ಲೇ ಕೋಡು ತೋರಿಸುವ ಆ್ಯಪ್) ಅಥವಾ ಪಾಸ್‌ಕೀಗೆ (ಫೋನಿನ ಬೆರಳಚ್ಚು, ಮುಖ ಅಥವಾ ಪಿನ್‌ನಿಂದ ಲಾಗಿನ್ ಆಗುವ ವಿಧಾನ) ಬದಲಿಸಿ. ಹಾಗೆ ಮಾಡುವಾಗ ಕೊಡುವ ಬ್ಯಾಕಪ್ ಕೋಡುಗಳನ್ನು ಫೋನಿನಲ್ಲಿ ಫೋಟೊ ಮಾಡಿಟ್ಟುಕೊಳ್ಳಬೇಡಿ. ಕಾಗದದಲ್ಲಿ ಬರೆದು ಪಾಸ್‌ಪೋರ್ಟಿನ ಜೊತೆ ಇಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗೂ ಇದೇ ಕ್ರಮ. ವಾಟ್ಸಾಪ್‌ನಲ್ಲಿ ಟೂ-ಸ್ಟೆಪ್ ವೆರಿಫಿಕೇಶನ್ ಎಂಬಲ್ಲಿ ಆರು ಅಂಕಿಯ ಪಿನ್ ಹಾಕಿ, ಮರೆತರೆ ಬದಲಿಸಿಕೊಳ್ಳಲು ಇಮೇಲ್ ವಿಳಾಸವನ್ನೂ ಕೊಡಿ. ಲಿಂಕ್ಡ್ ಡಿವೈಸಸ್ ಎಂಬಲ್ಲಿ ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಕಂಡರೆ ಕೂಡಲೇ ಲಾಗ್ ಔಟ್ ಮಾಡಿ. ಒಂದೇ ಕೋಣೆಯಲ್ಲಿ ಆರೇಳು ಮಂದಿ ಬೆಡ್‌ಸ್ಪೇಸ್‌ನಲ್ಲಿರುವ (ಮಲಗುವ ಜಾಗವನ್ನಷ್ಟೇ ಬಾಡಿಗೆಗೆ ಪಡೆದಿರುವ) ಮೊದಲ ತಿಂಗಳುಗಳಲ್ಲಿ, ತೆರೆದಿಟ್ಟ ಫೋನು ಇನ್ನೊಬ್ಬರ ಕೈಗೆ ಸಿಗುವುದು ಕಷ್ಟವೇನಲ್ಲ.

ಇಲ್ಲಿಗೆ ಬಂದ ಹೊಸಬರು ಎಡವುವ ಜಾಗಗಳೂ ಕೆಲವಿವೆ. ಯುಎಇಯಲ್ಲಿ ವಾಟ್ಸಾಪ್ ಕರೆ ನಡೆಯುವುದಿಲ್ಲವೆಂದು ತಿಳಿದ ಕೂಡಲೇ ಕೋಣೆಯ ಗೆಳೆಯರು ನಿರ್ಬಂಧ ದಾಟಿಸುವ ಒಂದು ಉಚಿತ ವಿಪಿಎನ್ ಆ್ಯಪ್‌ನ ಎಪಿಕೆ ಫೈಲ್ (ಆ್ಯಪ್ ಸ್ಟೋರ್ ಬಿಟ್ಟು ನೇರವಾಗಿ ಹಾಕಿಕೊಳ್ಳುವ ಫೈಲ್) ಕಳುಹಿಸುತ್ತಾರೆ. ಯಾರು ಮಾಡಿದ್ದೆಂದು ಗೊತ್ತಿಲ್ಲದ ಆ್ಯಪ್‌ನ ಮೂಲಕ ನಿಮ್ಮ ಇಂಟರ್‌ನೆಟ್ ವ್ಯವಹಾರವನ್ನೆಲ್ಲ ಹರಿಯಬಿಟ್ಟು, ಅದೇ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ತೆರೆಯುವುದು ಸರಿಯಲ್ಲ. ಜೊತೆಗೆ ವಿಪಿಎನ್ ದುರ್ಬಳಕೆಗೆ ಇಲ್ಲಿನ 2021ರ ಸೈಬರ್ ಅಪರಾಧ ಕಾಯ್ದೆಯಲ್ಲಿ ಭಾರಿ ದಂಡವಿದೆ. ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪ್‌ನಲ್ಲೇ ಮನೆಗೆ ಮಾತನಾಡಿ. ಇಲ್ಲಿನ ಸರ್ಕಾರದ ಡಿಜಿಟಲ್ ಗುರುತಿನ ಆ್ಯಪ್ ಆದ ಯುಎಇ ಪಾಸ್‌ನಲ್ಲಿ ನೀವಾಗಿ ಆರಂಭಿಸದ ಲಾಗಿನ್‌ಗೆ ಒಪ್ಪಿಗೆ ಕೇಳಿದರೆ ತಿರಸ್ಕರಿಸಿ. ಪಾರ್ಸೆಲ್ ಬಂದಿದೆ, ಟ್ರಾಫಿಕ್ ದಂಡ ಬಾಕಿಯಿದೆ, ಎಮಿರೇಟ್ಸ್ ಐಡಿ (ಇಲ್ಲಿನ ಗುರುತಿನ ಚೀಟಿ) ನವೀಕರಿಸಬೇಕು ಎಂಬ ಸಂದೇಶಗಳ ಲಿಂಕ್ ಒತ್ತಬೇಡಿ. ಆಯಾ ಇಲಾಖೆಯ ಆ್ಯಪ್ ತೆರೆದು ನೋಡಿದರೆ ನಿಜಾಂಶ ತಿಳಿಯುತ್ತದೆ. ಕಮಿಷನ್ ಕೊಡುತ್ತೇನೆ, ನಿನ್ನ ಖಾತೆಗೆ ಸ್ವಲ್ಪ ಹಣ ಹಾಕಿಸುತ್ತೇನೆ, ತೆಗೆದುಕೊಡು ಎಂದು ಊರಿನವರೇ ಕೇಳಿದರೂ ಒಪ್ಪಬೇಡಿ. ಕದ್ದ ಹಣ ನಿಮ್ಮ ಖಾತೆಯ ಮೂಲಕ ಹೋದರೆ ಪೊಲೀಸರು ಮೊದಲು ಬರುವುದು ನಿಮ್ಮ ಬಾಗಿಲಿಗೆ.

ಊರಿನಲ್ಲಿರುವ ಹಿರಿಯರ ವಿಷಯವನ್ನು ಬಿಟ್ಟು ಈ ಮಾತು ಪೂರ್ಣವಾಗುವುದಿಲ್ಲ. ನೀವು ಪರದೇಶದಲ್ಲಿದ್ದೀರಿ ಎಂಬುದೇ ವಂಚಕರಿಗೆ ಬಂಡವಾಳ. ಮಗನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ವಿಡಿಯೊ ಕರೆಯಿಂದ ಆಚೆ ಹೋಗಬೇಡಿ, ಯಾರಿಗೂ ಹೇಳಬೇಡಿ ಎಂದು ಪೊಲೀಸ್ ವೇಷದವರು ಹೆದರಿಸಿದಾಗ, ಒಬ್ಬರೇ ಮನೆಯಲ್ಲಿರುವ ತಂದೆ ತಾಯಿ ನಡುಗಿಹೋಗುತ್ತಾರೆ. ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲಿ ಇಲ್ಲವೆಂದು ಪ್ರಧಾನಿಯವರೇ 2024ರ ಅಕ್ಟೋಬರ್ 27ರ ‘ಮನದ ಮಾತು’ (ಮನ್ ಕಿ ಬಾತ್) ಬಾನುಲಿ ಕಾರ್ಯಕ್ರಮದಲ್ಲಿ ಹೇಳಿದ್ದಾರೆ. ಇದನ್ನು ಅವರಿಗೆ ನೀವೇ, ನಿಮ್ಮ ಬಾಯಿಂದ, ಹೊರಡುವ ಮೊದಲೇ ಹೇಳಿ. ಹೊಸ ಸಂಖ್ಯೆಯಿಂದ ನಿಮ್ಮ ಫೋಟೊ ಇಟ್ಟುಕೊಂಡು “ತುರ್ತಾಗಿ ಹಣ ಬೇಕು” ಎಂಬ ಸಂದೇಶ ಬಂದರೆ ಏನು ಮಾಡಬೇಕೆಂಬುದನ್ನೂ ಮನೆಯಲ್ಲಿ ತೀರ್ಮಾನಿಸಿಕೊಳ್ಳಿ. ಈಗ ಧ್ವನಿಯನ್ನೂ ನಕಲು ಮಾಡಲಾಗುತ್ತದೆ, ಆದ್ದರಿಂದ ದನಿ ಗುರುತಿಸಿದರೆ ಸಾಲದು. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಇರಲಿ: ಹಿಂದೆ ಹಟ್ಟಿಯಲ್ಲಿದ್ದ ದನದ ಹೆಸರು, ಅಜ್ಜಿ ನಿಮ್ಮನ್ನು ತುಳುವಿನಲ್ಲಿ ಕರೆಯುತ್ತಿದ್ದ ಅಡ್ಡಹೆಸರು, ಇಂಥದ್ದು. ಉತ್ತರ ಬರದಿದ್ದರೆ ಕರೆ ಕಡಿದು, ನಿಮ್ಮ ಹಳೆಯ ಸಂಖ್ಯೆಗೆ ಅವರೇ ಕರೆ ಮಾಡಲಿ. ಯುಪಿಐ ಪಿನ್ ಒತ್ತುವುದು ಹಣ ಕೊಡುವುದಕ್ಕೇ ಹೊರತು ಪಡೆಯುವುದಕ್ಕಲ್ಲ ಎಂಬುದನ್ನೂ ಅವರಿಗೆ ಬಿಡಿಸಿ ಹೇಳಿ.

ನಮ್ಮ ಜಿಲ್ಲೆಗಳವರು ವಿಶೇಷವಾಗಿ ಗಮನಿಸಬೇಕಾದದ್ದು ಹೆಬ್ಬೆರಳಿನ ಗುರುತು. 2023ರಲ್ಲಿ ಮಂಗಳೂರಿನಲ್ಲಿ ಉಪ ನೋಂದಣಿ ಕಚೇರಿಗಳಲ್ಲಿ ಆಸ್ತಿ ನೋಂದಣಿಗೆ ಬೆರಳಚ್ಚು ಕೊಟ್ಟಿದ್ದ ಹಲವರ ಖಾತೆಗಳಿಂದ ಆಧಾರ್ ಆಧಾರಿತ ಪಾವತಿಯ (ಆಧಾರ್ ಸಂಖ್ಯೆ ಮತ್ತು ಬೆರಳಚ್ಚಿನಿಂದಲೇ ಹಣ ತೆಗೆಯುವ ವ್ಯವಸ್ಥೆ) ಮೂಲಕ ಹಣ ಹೋದ ದೂರುಗಳು ದಾಖಲಾದವು. ಅವರು ಓಟಿಪಿ ಹೇಳಿರಲಿಲ್ಲ, ಲಿಂಕ್ ಒತ್ತಿರಲಿಲ್ಲ. ರಜೆಯಲ್ಲಿ ಬಂದು ಜಾಗ ಕೊಳ್ಳುವುದು, ಪಾಲುಪಟ್ಟಿ ಮಾಡಿಸುವುದು ನಮ್ಮಲ್ಲಿ ಸಾಮಾನ್ಯವಾದ್ದರಿಂದ ಇದು ನಮಗೆ ದೂರದ ಸುದ್ದಿಯಲ್ಲ. ಆಧಾರ್ ಪ್ರಾಧಿಕಾರದ (ಯುಐಡಿಎಐ) ಆ್ಯಪ್‌ನಲ್ಲಿ ಅಥವಾ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಬೆರಳು ಒತ್ತಬೇಕಾದ ದಿನ ಮಾತ್ರ ತಾತ್ಕಾಲಿಕವಾಗಿ ತೆರೆದುಕೊಳ್ಳಬಹುದು. ಇದಕ್ಕೆ ಆಧಾರ್‌ಗೆ ಜೋಡಿಸಿದ ಸಂಖ್ಯೆಗೆ ಓಟಿಪಿ ಬರಬೇಕು, ಊರಿನ ಸಿಮ್ ಜೀವಂತವಾಗಿರಬೇಕು ಎಂದದ್ದು ಇದಕ್ಕಾಗಿಯೂ ಹೌದು. ಹಿರಿಯರದ್ದನ್ನೂ ನೀವೇ ಕೂತು ಲಾಕ್ ಮಾಡಿಕೊಡಿ.

ಇಷ್ಟೆಲ್ಲ ಮಾಡಿಯೂ ಹಣ ಹೋದರೆ, ನಾಚಿಕೆಯಿಂದ ಮುಚ್ಚಿಡುವ ಪ್ರತಿ ಗಂಟೆಯೂ ವಂಚಕನಿಗೆ ಲಾಭ. ಭಾರತದ ಖಾತೆಯಾದರೆ ಮೊದಲು ಬ್ಯಾಂಕಿಗೆ ತಿಳಿಸಿ ಖಾತೆ ತಡೆಹಿಡಿಸಿ, ಆ ಹೊತ್ತಿಗೇ ಊರಿನಲ್ಲಿರುವ ಅಣ್ಣನೋ ಭಾವನೋ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ; ಈ ಚಿಕ್ಕ ಸಂಖ್ಯೆ ಹೊರದೇಶದಿಂದ ಸಿಗುತ್ತದೆಂದು ನಂಬಿಕೊಂಡಿರಬೇಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಅದರ ಸಂಖ್ಯೆಯೊಂದಿಗೆ ಮಂಗಳೂರು ಅಥವಾ ಉಡುಪಿಯ ಸೆನ್ ಠಾಣೆಗೆ (ಸೈಬರ್ ಅಪರಾಧಗಳನ್ನು ನೋಡುವ ಪೊಲೀಸ್ ಠಾಣೆ) ಮನೆಯವರು ಹೋಗಬಹುದು. ತಪ್ಪು ನಿಮ್ಮದೂ ಬ್ಯಾಂಕಿನದೂ ಅಲ್ಲದಿದ್ದು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಯಾವ ಹೊಣೆಯೂ ನಿಮ್ಮ ಮೇಲೆ ಬೀಳುವುದಿಲ್ಲವೆಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳುತ್ತದೆ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯಲ್ಲಿ ನಿಮ್ಮ ಹೊಣೆ ಹೆಚ್ಚೆಂದರೆ 10,000 ರೂಪಾಯಿ. ಓಟಿಪಿಯನ್ನು ನೀವೇ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಇಲ್ಲಿನ ಖಾತೆಯಾದರೆ ಬ್ಯಾಂಕಿಗೆ ತಿಳಿಸಿ ದುಬೈ ಪೊಲೀಸರ ಇ-ಕ್ರೈಮ್ ವೇದಿಕೆಯಲ್ಲಿ ದೂರು ಕೊಡಿ, ಸಂದೇಹಗಳಿಗೆ ಅವರದೇ 901ಕ್ಕೆ ಕರೆ ಮಾಡಿ. ಭಾರತದ ಬ್ಯಾಂಕ್ 30 ದಿನಗಳಲ್ಲಿ ಉತ್ತರಿಸದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಸಲ್ಲಿಸಬಹುದು, ಅದಕ್ಕಾಗಿ ಊರಿಗೆ ಬರಬೇಕಾಗಿಲ್ಲ. ಬ್ಯಾಂಕಿಗೆ ಬರೆದ ಪತ್ರದ ದಿನಾಂಕ, ವ್ಯವಹಾರದ ಸಂಖ್ಯೆ ಮತ್ತು ಪೋರ್ಟಲ್ ಕೊಟ್ಟ ದೂರಿನ ಸಂಖ್ಯೆ, ಈ ಮೂರನ್ನೂ ಅದರಲ್ಲಿ ನಮೂದಿಸಿ.